ಬಲಗಡೆಯ ಹೆಗಲು

ಸಂಜೆ ಉಜ್ಜಿನಿಯ ಶಾಲೆ ಮುಗಿಸಿ, ಬಸ್ಸಿಳಿದು ಕೊಟ್ಟೂರಿನ ಮನೆ ಸೇರುವಷ್ಟರಲ್ಲಿ ನನ್ನಲ್ಲಿ ಏನೂ ಉಳಿದಿರುವುದಿಲ್ಲ. ಹೆಸರಿಗೆ ಡ್ರಾಯಿಂಗ್ ಮಾಸ್ತರ. ರಜೆ ಹಾಕಿದವರ ಪೀರಿಯಡ್ಡು, ಬಿಸಿಯೂಟದ ಮೊಟ್ಟೆ, ಗೋಡೆಯ ಮೇಲಿನ ಘೋಷಣೆ, ಎಲ್ಲ ನನ್ನ ತಲೆಗೇ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯಲ್ಲೂ ದುಡಿದು ಬಂದಿದ್ದೇನೆ. ಎಲ್ಲ ಕಡೆ ಅದೇ ರಾಗ, ಅದೇ ಹಾಡು. ಆದರೂ ಒಂದು ಚಟ ಬಿಟ್ಟಿರಲಿಲ್ಲ. ದಿನಕ್ಕೊಂದು ಮನುಷ್ಯಾಕೃತಿ, ಐದು ನಿಮಿಷದಲ್ಲಿ, ಪೆನ್ಸಿಲ್ಲಿನಲ್ಲಿ. ಕಂಡದ್ದನ್ನು ಕಂಡ ಹಾಗೆ ಬರೆಯುವವನು ಎಂಬ ಜಂಬವೂ ಇತ್ತು.

ಆದರೆ ಆಕೃತಿಗೆ ಮನುಷ್ಯರು ಬೇಕಲ್ಲ. ಒಮ್ಮೆ ಕಾನಹೊಸಹಳ್ಳಿಯ ಬಸ್ ನಿಲ್ದಾಣದಲ್ಲಿ ಕುರಿ ಕಾಯುವ ಅಜ್ಜನೊಬ್ಬನನ್ನು ಬರೆಯತೊಡಗಿದೆ. "ಏನ್ ಬರ್ಕೊಳ್ಳಾಕತ್ತೀರಿ? ಸರ್ವೇ ಏನ್ರಿ?" ಎಂದವನೇ, ರೇಷನ್ ಕಾರ್ಡಿಗೆ ಕುತ್ತು ಬಂದೀತೆಂದು ಕಂಬಳಿ ಕೊಡವಿಕೊಂಡು ಎದ್ದು ಹೋದ. ಹಾಗಾಗಿ ಮದುವೆಯಾದಾಗಿನಿಂದ ನನಗೆ ಸಿಕ್ಕ ಮಾಡೆಲ್ ಎಂದರೆ ಹೆಂಡತಿಯೊಬ್ಬಳೇ. ಅವಳು ರೊಟ್ಟಿ ಬಡಿಯಲು ನಿಂತರೆ ನಾನು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಅವಳ ಬೆನ್ನು ಬರೆಯುತ್ತಿದ್ದೆ.

"ಇಷ್ಟು ವರ್ಷ ಬರದ್ರೂ ಮುಗೀಲಿಲ್ಲಲ್ರಿ ನನ್ನ ಬೆನ್ನು" ಎಂದು ತಿರುಗದೆಯೇ ರೇಗಿಸುತ್ತಿದ್ದಳು. ಎರಡು ರೊಟ್ಟಿ ಬೇಯುವ ಹೊತ್ತಿಗೆ ಚಿತ್ರ ಮುಗಿಯುತ್ತಿತ್ತು. ಮೂಲೆಯಲ್ಲಿ ತಾರೀಕು ಹಾಕಿ ಪುಸ್ತಕ ಮುಚ್ಚುತ್ತಿದ್ದೆ.

ಹೋದ ಬೇಸಿಗೆಯ ಒಂದು ಸಂಜೆ, ಕುತ್ತಿಗೆಯಿಂದ ಬಲ ಹೆಗಲಿಗೆ ಇಳಿಯುವ ಗೆರೆ ತೀರಾ ಕೆಳಗೆ ಹೋಯಿತು. ಕೈ ದಣಿದಿದೆ ಅಂದುಕೊಂಡೆ. ರಬ್ಬರಿನಿಂದ ಅಳಿಸಿ, ಎಡ ಹೆಗಲಿನ ಮಟ್ಟಕ್ಕೆ ಎತ್ತಿ ಬರೆದೆ. ಮರುದಿನವೂ ಹಾಗೇ ಆಯಿತು, ಮತ್ತೆ ತಿದ್ದಿದೆ. ಕೆಲವು ವಾರ ಕಳೆದ ಮೇಲೆ ಅಳಿಸುವುದೂ ಬೇಸರವಾಗಿ, ಸರಿಯಾಗಿ ನೋಡದೆಯೇ ಎರಡೂ ಹೆಗಲನ್ನು ಸಮವಾಗಿ ಎಳೆಯತೊಡಗಿದೆ. ಅವಳ ಬೆನ್ನು ನನಗೆ ಬಾಯಿಪಾಠವಾಗಿತ್ತು. ನಿಜ ಹೇಳಬೇಕೆಂದರೆ, ಬೇಗ ಮುಗಿಸಿ ಅಡ್ಡಾಗುವುದು ನನಗೆ ಬೇಕಿತ್ತು.

ದಸರೆ ರಜೆಯಲ್ಲಿ ಅವಳು ಮೇಲಿನ ಹಲಗೆಯಿಂದ ಹಿಟ್ಟಿನ ಡಬ್ಬಿ ತೆಗೆಯಲು ಹೋದಳು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೇಳಲಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಬೆನ್ನನ್ನು ಒಂದೇ ಒಂದು ಸಲ ನೋಡಿದರು. ಆಮೇಲೆ ಸ್ಕ್ಯಾನ್ ಮಾಡಿಸಿ, ಕುತ್ತಿಗೆಯ ಹತ್ತಿರ ನರ ಒತ್ತಿಕೊಂಡಿದೆ, ಹೆಗಲಿನ ಸ್ನಾಯು ಕರಗಿದೆ ಎಂದರು.

"ಹೆಗಲು ಯಾವಾಗಿಂದ ಹಿಂಗೆ ಇಳಿದಿದೆ?"

"ನನ್ನ ಬೆನ್ನು ನನಗೆಲ್ಲಿ ಕಾಣ್ತೈತ್ರಿ" ಎಂದಳು. ಡಾಕ್ಟರು ನನ್ನ ಕಡೆ ತಿರುಗಿದರು. ಗೊತ್ತಿಲ್ಲ ಎಂದೆ.

"ಮೊದಲೇ ಬಂದಿದ್ರೆ ಕೈ ಪೂರ್ತಿ ಬರ್ತಿತ್ತು. ಈಗ ಎಷ್ಟು ಬರುತ್ತೋ ನೋಡಬೇಕು."

ಮನೆಗೆ ಬಂದವನು ಬೇಸಿಗೆಯ ಪುಸ್ತಕ ತೆಗೆದೆ. ಅಳಿಸಿದ ಗೆರೆಯ ಗುರುತು ಕಾಗದದಲ್ಲಿ ಹಾಗೇ ಇತ್ತು, ಬೆರಳಾಡಿಸಿದರೆ ತಗ್ಗು ಸಿಗುತ್ತಿತ್ತು. ತಾರೀಕು ಏಪ್ರಿಲ್ ತಿಂಗಳದ್ದು. ಅವಳ ಕಾಯಿಲೆಯನ್ನು ನಾನು ಆರು ತಿಂಗಳು ತಿದ್ದುತ್ತ ಕೂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮುಚ್ಚಿಟ್ಟುಬಿಡೋಣ ಎಂದೂ ಅನಿಸಿತು. ಅವಳು ಆ ಪುಸ್ತಕಗಳನ್ನು ಎಂದೂ ಬಿಚ್ಚಿದವಳಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಪುಟ ತೆರೆದು ಅವಳ ಮುಂದಿಟ್ಟೆ.

"ನನಗ ಕಂಡಿತ್ತು. ನನ್ನ ಕೈ ತಪ್ಪೈತಿ ಅಂದ್ಕೊಂಡು ಅಳಿಸಿದೆ" ಎಂದೆ.

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಎಡಗೈಯಿಂದ ಒಂದೊಂದೇ ಪುಟ ತಿರುವಿ ನೋಡಿದಳು. ಚಹಾ ಆರಿತು.

"ಬೇಸಿಗಿಂದನ ಕೈ ಜೋಮು ಹಿಡೀತಿತ್ರಿ, ಅಂಜಿಕಿನೂ ಆಗ್ತಿತ್ತು" ಎಂದಳು. "ಆದ್ರ ನೀವು ದಿನಾ ಕುಂತು ನನ್ನ ನೋಡ್ತಿದ್ರಲ್ಲ. ಏನಾರ ಆಗಿದ್ರ ನೀವು ಹೇಳ್ತಿದ್ರಿ ಅಂತ ಸುಮ್ನಿದ್ದೆ."