ಪಂಕ್ತಿಯ ಕೊನೆಯ ಎಲೆ

ನನ್ನ ಮಗಳು ವೇಲ್ಸ್ ದೇಶದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದಳು ಎಂದಾಗ ಆಡಮ್ಸ್‌ಟೌನ್‌ನ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ವೇಲ್ಸಾ?" ಕೇಳಿದವರ ತಪ್ಪಲ್ಲ. ನಾವು ತುಮಕೂರಿನವರು, ಇರುವುದು ಡಬ್ಲಿನ್ ಪಕ್ಕದಲ್ಲಿ, ಹುಡುಗಿ ಬಾಯಿ ಬಿಟ್ಟರೆ ಅಪ್ಪಟ ಡಬ್ಲಿನ್ ಇಂಗ್ಲಿಷು. ನಡುವೆ ವೇಲ್ಸ್ ಎಲ್ಲಿಂದ ನುಗ್ಗಿತು? ಐರ್ಲೆಂಡಿಗೆ ಬರುವ ಮುಂಚೆ ನಾನು ಸ್ವಲ್ಪ ಕಾಲ ವೇಲ್ಸಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ. ಮಗಳು ಹುಟ್ಟಿದ್ದು ಅಲ್ಲಿ. ಅವಳಿಗೆ ಹಲ್ಲು ಮೂಡುವ ಮುಂಚೆಯೇ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದೆವು. ಫುಟ್‌ಬಾಲ್‌ನವರಿಗೆ ಹುಟ್ಟಿದ ನೆಲ ಸಾಕಂತೆ. ಹಲ್ಲು ಎಲ್ಲಿ ಬಂತು ಎಂದು ಅವರು ಕೇಳುವುದಿಲ್ಲ.

ನಾನು ಬ್ಯೂಮಾಂಟ್ ಕಡೆಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರ್. ರೋಗಿಯನ್ನು ಮಲಗಿಸಿ, ಉಸಿರು ಕಾದು, ಮತ್ತೆ ಎಬ್ಬಿಸುವುದು ನನ್ನ ಕೆಲಸ. ಕಣ್ಣು ಬಿಟ್ಟ ರೋಗಿ ಚಾಕೊಲೇಟ್ ಡಬ್ಬ ಕೊಡುವುದು ಮಾತ್ರ ಸರ್ಜನ್‌ಗೆ. ಇಷ್ಟು ವರ್ಷ ಆ ಡಬ್ಬಗಳನ್ನು ಹೊಟ್ಟೆ ಉರಿದುಕೊಂಡು ನೋಡಿದವಳಿಗೆ ಮಿಡ್‌ಫೀಲ್ಡರ್ ಎಂದರೇನು ಎಂದು ಮೊದಲೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಮಗಳು ಚಿಕ್ಕವಳಿದ್ದಾಗ ಪ್ರತಿ ಶನಿವಾರ ಕೆಸರು ಮೆತ್ತಿಕೊಂಡು ಕಾರು ಹತ್ತುವಳು, ನಾನು ಪ್ರತಿ ಶನಿವಾರ ಅದೇ ಪ್ರಶ್ನೆ ಕೇಳುವೆ.

"ಗೋಲ್ ಹಾಕ್ದೆಯೇನೇ?"

"ನೋ ಅಮ್ಮ. ಐ ಆಮ್ ಎ ಮಿಡ್‌ಫೀಲ್ಡರ್."

ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವುದು ತನ್ನ ಕೆಲಸ ಎಂದು ವಿವರಿಸುತ್ತಿದ್ದಳು. ಹಾಗಾದರೆ ಪೋಸ್ಟ್‌ಮ್ಯಾನ್ ಕೆಲಸವಾ ಎಂದು ಕಾರು ಓಡಿಸುತ್ತಿದ್ದ ನಮ್ಮವರು ರೇಗಿಸಿದರೆ ಅವಳು ಕೆಸರು ಬೂಟನ್ನು ಅವರ ಸೀಟಿನ ಬೆನ್ನಿಗೆ ಒರೆಸುತ್ತಿದ್ದಳು.

ಹೀಗಿರುವಾಗ ಒಂದು ವರ್ಷ ನನ್ನ ಅಪ್ಪ ತುಮಕೂರಿನಿಂದ ಬಂದು ಕೆಲವು ತಿಂಗಳು ನಮ್ಮ ಜೊತೆ ಇದ್ದರು. ಅಪ್ಪನಿಗೆ ಬ್ಯಾಂಕಿನ ಕೆಲಸ ಹೊಟ್ಟೆಪಾಡು ಮಾತ್ರ, ನಿಜವಾದ ಹುದ್ದೆ ಮದುವೆಮನೆಗಳ ಬಡಿಸುವ ಉಸ್ತುವಾರಿ. ನೆಂಟರಿಷ್ಟರ ಯಾವ ಸಮಾರಂಭವಾದರೂ ಪಂಚೆ ಮೇಲೆತ್ತಿ ಕಟ್ಟಿ, ಹೆಗಲಿಗೆ ಟವೆಲ್ ಹಾಕಿ ನಿಂತುಬಿಡುತ್ತಿದ್ದರು. ಇಲ್ಲಿ ಯುಗಾದಿ ಹಬ್ಬಕ್ಕೆ ಕನ್ನಡದವರೆಲ್ಲ ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಊಟ ಬಫೆ ಎಂದು ಕೇಳಿದ್ದೇ ತಡ, ಅಪ್ಪನಿಗೆ ಪಿತ್ತ ನೆತ್ತಿಗೇರಿತು.

"ತಟ್ಟೆ ಹಿಡ್ಕೊಂಡು ಕ್ಯೂ ನಿಲ್ಲೋದಾ? ಹಬ್ಬದ ದಿನಾನಾ? ಟೇಬಲ್ ಸಾಲಾಗಿ ಹಾಕ್ರಪ್ಪಾ, ನಾನಿದ್ದೀನಿ."

ಮೇಜುಗಳು ಸಾಲಾದವು. ಬಾಳೆಲೆ ಇಲ್ಲದ್ದಕ್ಕೆ ಎಲೆಯ ಚಿತ್ರವಿದ್ದ ಪೇಪರ್ ಹಾಸಿದೆವು. ಬಡಿಸಲು ಮಕ್ಕಳೇ ಬೇಕೆಂದು ಅಪ್ಪ ಹಟ ಹಿಡಿದರು. ನನ್ನ ಮಗಳ ಕೈಗೆ ಕೋಸಂಬರಿ ಪಾತ್ರೆ ಬಂತು. ಅವಳು ಪಾತ್ರೆಯನ್ನೇ ನೋಡುತ್ತ, ಚೆಲ್ಲದ ಹಾಗೆ ಉಸಿರು ಬಿಗಿಹಿಡಿದು ಹೊರಟಳು. ಅಪ್ಪ ಭುಜ ಹಿಡಿದು ನಿಲ್ಲಿಸಿದರು.

"ಪಾತ್ರೆ ನೋಡಬೇಡ ಪುಟ್ಟಿ. ಪಾತ್ರೆ ಕೈಗೆ ಬರೋಕ್ ಮುಂಚೇನೇ ಪಂಕ್ತಿ ಪೂರ್ತಿ ಒಂದ್ಸಲ ನೋಡ್ಬಿಡ್ಬೇಕು. ಆ ಕಡೆ, ಈ ಕಡೆ, ಬೆನ್ನ ಹಿಂದೆ. ಯಾರ ಎಲೇಲಿ ಏನ್ ಮುಗ್ದಿದೆ ಅಂತ ಗೊತ್ತಿರ್ಬೇಕು. ಕೂಗೋರ್ಗೆ ಹೆಂಗೂ ಸಿಗತ್ತೆ. ಸುಮ್ನೆ ಕೂತಿರೋನು ಕೊನೇ ಎಲೇಲಿರ್ತಾನೆ, ಅವನ್ನ ಮರೀಬೇಡ."

ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಡಬ್ಲಿನ್‌ನವರು ಸರಿ ಎನ್ನುವ ರೀತಿಯಲ್ಲಿ "ಗ್ರ್ಯಾಂಡ್, ತಾತ" ಎಂದಳು. ಅನ್ನ, ತೊವ್ವೆ, ಒಬ್ಬಟ್ಟು ಎಂದು ಒಂದೊಂದು ಸುತ್ತಿಗೂ ಅವಳ ತಲೆ ಪಾತ್ರೆಯಿಂದ ಮೇಲೇಳುತ್ತ ಹೋಯಿತು. ಎಲ್ಲರ ಊಟ ಮುಗಿದ ಮೇಲೆ ಅಪ್ಪ ಅವಳನ್ನು ಒಂಟಿಯಾಗಿ ಕೂರಿಸಿ, ಬಡಿಸಿದವರು ಕೊನೆಯಲ್ಲಿ ಕೂರಬೇಕು ಎಂದು ಹೇಳಿ, ತಾವೇ ನಿಂತು ಬಡಿಸಿದರು. ಒಬ್ಬಟ್ಟಿನ ಮೇಲೆ ತುಪ್ಪ ಸುರಿದದ್ದು ಕಂಡು ನನಗೇ ಕೊಲೆಸ್ಟರಾಲ್ ಏರಿದ ಹಾಗಾಯಿತು.

ಅದಾದ ಕೆಲವು ವಾರಗಳಿಗೆ ಅವಳ ಕೋಚ್ ನನ್ನನ್ನು ಪಕ್ಕಕ್ಕೆ ಕರೆದ. ನಾನು ಏನೋ ದೂರು ಎಂದುಕೊಂಡೆ. "ಉಳಿದ ಮಕ್ಕಳು ಬರುವ ಚೆಂಡನ್ನೇ ನೋಡುತ್ತಾರೆ. ನಿಮ್ಮ ಹುಡುಗಿ ಚೆಂಡು ಬರುವ ಮುಂಚೆಯೇ ಎರಡೂ ಭುಜಗಳ ಮೇಲಿಂದ ಹಿಂದೆ ನೋಡಿಬಿಟ್ಟಿರುತ್ತಾಳೆ. ನಾನು ವರ್ಷಗಟ್ಟಲೆ ಕೂಗಿದರೂ ಬಾರದ ಅಭ್ಯಾಸ ಅದು. ಯಾರು ಕಲಿಸಿದರು?" ಎಂದ. ನಮ್ಮಪ್ಪ, ಕೋಸಂಬರಿ ಬಡಿಸುವಾಗ, ಎಂದೆ. ಅವನು ಜೋರಾಗಿ ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

ವರ್ಷಗಳು ಕಳೆದವು. ಅವಳು ಸಮುದ್ರ ದಾಟಿ ವೇಲ್ಸಿನ ಒಂದು ಕ್ಲಬ್ಬಿಗೆ ಆಡಲು ಹೋದಳು. ಅಲ್ಲಿಯ ದೇಶದ ತಂಡದಿಂದ ಕರೆ ಬಂದಾಗ ಐರ್ಲೆಂಡಿನ ಕರೆಗೂ ಕಾಯಬಹುದಲ್ಲ ಎಂದು ನಮ್ಮವರು ಮೆಲ್ಲಗೆ ಹೇಳಿನೋಡಿದರು. "ದೇ ಆಸ್ಕ್ಡ್ ಮೀ, ಅಪ್ಪ" ಎಂದು ಅವರಿಗೆ ಹೇಳಿ ಹೊರಟಳು. ನಮ್ಮ ಪಕ್ಕದ ಮನೆಯ ಐರಿಷ್ ಹೆಂಗಸಿಗೆ ನನ್ನ ಮಗಳೆಂದರೆ ಪ್ರಾಣ. ಆದರೂ ಮುನಿಸಿಗೆ ಆಕೆ ಒಂದು ವಾರ ನನ್ನನ್ನು "ವೇಲ್ಸಿನವಳೇ" ಎಂದೇ ಕೂಗಿದಳು.

ಆಯ್ಕೆಯೇನೋ ಆಯಿತು, ಆಟ ಸಿಗಲಿಲ್ಲ. ಒಂದಾದ ಮೇಲೊಂದು ಪಂದ್ಯ ಕೆಂಪು ಜಾಕೆಟ್ ಹಾಕಿಕೊಂಡು ಬೆಂಚಿನ ಮೇಲೆ ಕೂತು ಎದ್ದು ಬಂದಳು. ದೇಶಕ್ಕಾಗಿ ಮೊದಲ ಬಾರಿ ಮೈದಾನಕ್ಕಿಳಿದವರಿಗೆ ಒಂದು ಟೋಪಿ ಕೊಡುತ್ತಾರೆ, ಅದನ್ನೇ ಕ್ಯಾಪ್ ಎನ್ನುವುದು. ಕ್ಯಾಪ್ ಇಲ್ಲದವಳು ಲೆಕ್ಕಕ್ಕೆ ತಂಡದಲ್ಲಿದ್ದೂ ಇಲ್ಲದವಳೇ. ಆಮೇಲೆ ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ ಪಂದ್ಯ ಬಂತು. ಹಿಂದಿನ ವಾರ ಫೋನಿನಲ್ಲಿ ಅವಳ ದನಿ ಚಿಕ್ಕದಾಗಿತ್ತು. ಹೊಸ ಹುಡುಗಿಯರು ಬರುತ್ತಿದ್ದಾರಂತೆ. ಈ ಸಲವೂ ಇಳಿಸದಿದ್ದರೆ ಮತ್ತೆ ಕರೆಯುವುದು ಅನುಮಾನ ಎಂದಳು. ತಾನು ಬೆಳೆದ ಊರಿನಲ್ಲಿ, ಗೊತ್ತಿದ್ದವರೆಲ್ಲರ ಎದುರಿಗೆ ಕೂತು ಎದ್ದು ಹೋಗಬೇಕಾದರೆ ಹೇಗಮ್ಮಾ ಎಂದಳು. ಏನಾಗಲ್ಲ ಬಿಡೇ ಎಂದೆ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಆ ಹೊತ್ತಿಗೆ ಅಪ್ಪ ಮತ್ತೆ ಬಂದಿದ್ದರು. ಕೋಟಿನ ಮೇಲೆ ಕೋಟು, ಅದರ ಮೇಲೆ ಹೆಗಲಿಗೆ ಅದೇ ಟವೆಲ್, ತಲೆಗೆ ಮಂಕಿ ಕ್ಯಾಪು. ಪಕ್ಕದ ಮನೆಯವಳೇ ಟಿಕೆಟ್ ಕೊಂಡಿದ್ದರಿಂದ ನಾವು ಕೂತದ್ದು ಐರ್ಲೆಂಡಿನವರ ಹಸಿರು ಸ್ಕಾರ್ಫುಗಳ ನಟ್ಟನಡುವೆ. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅಪ್ಪ ಮೈದಾನವನ್ನೆಲ್ಲ ಹುಡುಕಿದರು.

"ನಮ್ಮ ಹುಡ್ಗಿ ಎಲ್ಲಮ್ಮಾ?"

"ಅಲ್ಲಿ, ಆ ಬೆಂಚಲ್ಲಿ ಕೂತಿದಾಳಪ್ಪ. ಬೇಕಾದ್ರೆ ಆಮೇಲೆ ಕರೀತಾರೆ."

"ಬೇಕಾದ್ರೆ ಅಂದ್ರೇನು? ಮನೆಗ್ ಕರ್ದು ಹೊರಗಡೆ ಕೂರ್ಸೋದಾ?"

ಅರ್ಧ ಆಟ ಮುಗಿಯಿತು. ಐರ್ಲೆಂಡ್ ಒಂದು ಗೋಲು ಹೊಡೆಯಿತು. ಸುತ್ತಲೂ ಜನ ಎದ್ದು ಕುಣಿದರು, ಪಕ್ಕದ ಮನೆಯವಳೂ ಕುಣಿದಳು, ಆಮೇಲೆ ನನ್ನನ್ನು ನೋಡಿ ನಾಚಿಕೊಂಡು ಕೂತಳು. ವೇಲ್ಸ್ ಒಬ್ಬಳನ್ನು ಬದಲಿಸಿತು, ಇನ್ನೊಬ್ಬಳನ್ನು ಬದಲಿಸಿತು. ನನ್ನ ಮಗಳು ಗೆರೆಯಾಚೆ ಓಡಿ, ಮೈ ಬಿಸಿಮಾಡಿಕೊಂಡು, ಮತ್ತೆ ಬಂದು ಕೂತಳು. ಆಪರೇಷನ್ ಥಿಯೇಟರಿನಲ್ಲಿ ಮಾನಿಟರ್ ನೋಡುವ ಹಾಗೆ ನಾನು ಮೈದಾನದ ಗಡಿಯಾರವನ್ನೇ ನೋಡುತ್ತಿದ್ದೆ. ನಮ್ಮವರು ಆ ಕಡೆ ನೋಡುವುದನ್ನೇ ಬಿಟ್ಟು ಬೂಟಿನ ಲೇಸು ಕಟ್ಟುತ್ತ ಕೂತರು.

ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಅವಳು ಜಾಕೆಟ್ ಬಿಚ್ಚಿದಳು. ಧ್ವನಿವರ್ಧಕದಲ್ಲಿ ಅವಳ ಹೆಸರನ್ನು ತಪ್ಪುತಪ್ಪಾಗಿ ಕೂಗಿದರು. ಆ ತಪ್ಪು ಹೆಸರು ಕೂಡ ನನಗೆ ಅರ್ಚನೆ ಮಾಡಿಸಿದಷ್ಟು ಚೆನ್ನಾಗಿ ಕೇಳಿಸಿತು.

ಮೊದಲ ಸಲ ಚೆಂಡು ಬಂದಾಗ ಸುಮ್ಮನೆ ಪಕ್ಕಕ್ಕೆ ಕೊಟ್ಟಳು. ಎರಡನೆಯ ಸಲ ಚೆಂಡು ಇನ್ನೂ ದೂರದಲ್ಲಿತ್ತು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ತಿರುಗಿ ಬೆನ್ನ ಹಿಂದೆ ನೋಡಿದಳು. ಅಪ್ಪ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು.

"ನೋಡಿದ್ಲು ಕಣೇ! ಪಂಕ್ತಿ ನೋಡಿದ್ಲು!"

ಹತ್ತಿರದಲ್ಲಿದ್ದ ಇಬ್ಬರು ಕೈ ಎತ್ತಿ ಚೆಂಡು ಕೇಳುತ್ತಿದ್ದರು. ಮೈದಾನದ ಆ ತುದಿಯಲ್ಲಿ, ಬಿಳಿ ಗೆರೆಯ ಮೇಲೆ, ಒಬ್ಬಳು ಒಂಟಿಯಾಗಿ ನಿಂತಿದ್ದಳು. ಅಷ್ಟು ಹೊತ್ತಿನ ಆಟದಲ್ಲಿ ಅವಳ ಕಾಲಿಗೆ ಚೆಂಡು ಹೋದದ್ದು ನಾನು ಕಂಡಿರಲಿಲ್ಲ. ಅವಳು ಕೇಳುತ್ತಲೂ ಇರಲಿಲ್ಲ. ನನ್ನ ಮಗಳು ಚೆಂಡನ್ನು ನಿಲ್ಲಿಸಲೇ ಇಲ್ಲ, ಬಂದದ್ದನ್ನು ಬಂದ ಹಾಗೆಯೇ ಮೈದಾನ ದಾಟಿಸಿ ಅವಳ ಕಾಲಿಗೆ ಇಟ್ಟಳು. ಆ ಒಂಟಿ ಹುಡುಗಿ ಓಡಿ ಒಳಗೆ ಕೊಟ್ಟಳು, ಮತ್ತೊಬ್ಬಳು ಒದ್ದಳು, ಚೆಂಡು ಬಲೆಯಲ್ಲಿತ್ತು. ಎಲ್ಲರೂ ಹೋಗಿ ತಬ್ಬಿದ್ದು ಒದ್ದವಳನ್ನು. ಚಾಕೊಲೇಟ್ ಡಬ್ಬ ಯಥಾಪ್ರಕಾರ ಸರ್ಜನ್‌ಗೆ.

ಇಡೀ ಹಸಿರು ಸ್ಟ್ಯಾಂಡ್ ಸುಮ್ಮನೆ ಕೂತಿತ್ತು. ಎದ್ದು ನಿಂತಿದ್ದವಳು ನಾನೊಬ್ಬಳೇ. ಯಾರಾದರೂ ಮಗಳನ್ನು ಹೊಗಳಿದರೆ ದೃಷ್ಟಿಯಾದೀತೆಂದು ಈವರೆಗೆ "ಪರವಾಗಿಲ್ಲ, ಏನೋ ಆಡ್ತಾಳೆ" ಎನ್ನುತ್ತಿದ್ದವಳು ನಾನು. ಆ ದಿನ ಮುಂದಿನ ಸಾಲಿನವರು ತಿರುಗಿ ನೋಡಿದಾಗ "ಆ ಪಾಸ್ ಕೊಟ್ಟವಳು ನನ್ನ ಮಗಳು, ತುಂಬಾ ಚೆನ್ನಾಗಿ ಆಡ್ತಾಳೆ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಪಕ್ಕದ ಮನೆಯವಳು ತನ್ನ ಹಸಿರು ಸ್ಕಾರ್ಫಿನಲ್ಲೇ ಕಣ್ಣೊರೆಸಿಕೊಂಡು "ಅವಳು ನಮ್ಮವಳೂ ಹೌದು" ಎಂದಳು. ಪಂದ್ಯ ಸಮವಾಗಿ ಮುಗಿಯಿತು, ನಮ್ಮ ಬೀದಿಯ ಪಾಲಿಗೆ ಒಳ್ಳೆಯದೇ ಆಯಿತು.

ಆಮೇಲೆ ಹೊರಗೆ, ತಂಡದ ಬಸ್ಸಿನ ಹತ್ತಿರ, ಅವಳು ಓಡಿ ಬಂದಳು. ನನ್ನನ್ನು ದಾಟಿಕೊಂಡು ನೇರ ಅಪ್ಪನ ಎದುರು ನಿಂತಳು.

"ತಾತ, ಡಿಡ್ ಯೂ ಸೀ ಮೀ?"

"ನೋಡ್ದೆ ಪುಟ್ಟಿ. ಕೊನೇ ಎಲೆಗೂ ಬಡಿಸ್ಬಿಟ್ಟೆ."

ಬೆಂಚಿನಲ್ಲಿ ಕೂತ ತಿಂಗಳುಗಳಲ್ಲಿ ಒಮ್ಮೆಯೂ ಅಳದ ಹುಡುಗಿ ಆಗ ಅತ್ತಳು. ಅಳುತ್ತಳುತ್ತಲೇ ಹೇಳಿದಳು, ಕನ್ನಡದಲ್ಲಿ:

"ನಂದಿನ್ನೂ ಊಟ ಆಗಿಲ್ಲ ತಾತ."

ಅಪ್ಪ ಅಲ್ಲೇ ಇದ್ದ ಮೋಟು ಗೋಡೆಯನ್ನು ಟವೆಲ್‌ನಿಂದ ಒರೆಸಿ ಅವಳನ್ನು ಕೂರಿಸಿದರು. ಒಳಗಿನ ಕೋಟಿನ ಜೇಬಿನಿಂದ ಫಾಯಿಲ್ ಸುತ್ತಿದ ಒಬ್ಬಟ್ಟು ಹೊರಬಂತು. ಬೆಳಿಗ್ಗೆಯಿಂದ ಅದು ಅಲ್ಲೇ ಇತ್ತು, ನಮಗ್ಯಾರಿಗೂ ಹೇಳಿರಲಿಲ್ಲ. ವೇಲ್ಸಿನ ಕೆಂಪು ಜಾಕೆಟ್ಟಿನಲ್ಲಿ ಅವಳು ಕೂತು ತಿಂದಳು, ಅಪ್ಪ ಎದುರಿಗೆ ನಿಂತಿದ್ದರು.

"ತುಪ್ಪ ತರೋದ್ ಮರ್ತೆ ಪುಟ್ಟಿ" ಎಂದರು ಅಪ್ಪ.