ನಾನು ಬರೆದುಕೊಟ್ಟ ಸಾಕ್ಷಿ

ವಿಚಿತ್ರ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ತಾತ್ಸಾರವೇ ಇತ್ತು. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ ಈಗ ಕೊಪ್ಪದಲ್ಲಿ ಅದನ್ನೇ ಪಾಠ ಮಾಡುವವನು ನಾನು. ನೆನಪು ಎಷ್ಟು ಸುಳ್ಳು ಹೇಳಬಲ್ಲದು ಎಂದು ಪ್ರತಿ ವರ್ಷ ಹುಡುಗರಿಗೆ ಹೇಳಿಕೊಡುತ್ತೇನೆ. ಹಾಗಿದ್ದೂ ಈಗ ಬರೆಯಲು ಕೂತಿದ್ದೇನೆ. ಇದನ್ನು ಓದಿದವರು ನನ್ನನ್ನು ನಂಬಬೇಕೆಂದೇನೂ ಇಲ್ಲ. ನನಗೇ ಪೂರ್ತಿ ನಂಬಿಕೆ ಇಲ್ಲ.

ಚಂದ್ರ ನನ್ನ ಬಾಲ್ಯದ ಗೆಳೆಯ. ಇಬ್ಬರೂ ಮುತ್ತಿನಕೊಪ್ಪದವರು. ಹೈಸ್ಕೂಲಿಗೆ ನರಸಿಂಹರಾಜಪುರಕ್ಕೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವನ ತಂದೆ ತಾಯಿ ಕೂಲಿಗೆ ಹೋಗುವವರು, ನಮ್ಮದು ಜಮೀನಿದ್ದ ಮನೆ. ಆ ವ್ಯತ್ಯಾಸ ನಮ್ಮಿಬ್ಬರ ನಡುವೆ ಇರಲಿಲ್ಲ ಎಂದು ನಾನು ತಿಳಿದಿದ್ದೆ. ದೇವರು, ದೆವ್ವ, ಹರಕೆ ಯಾವುದನ್ನೂ ಬಿಡದೆ ಇಬ್ಬರೂ ಸೇರಿ ಗೇಲಿ ಮಾಡುತ್ತಿದ್ದೆವು. ಮುಂದೆ ಅವನು ನರಸಿಂಹರಾಜಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ. ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ವಿಶ್ವಾಸಿ ಕುಟುಂಬದ ಜಾನ್ಸಿಯನ್ನು ಪ್ರೀತಿಸಿ ಮದುವೆಯಾದ. ಹೆಂಡತಿ ಪ್ರತಿ ಭಾನುವಾರ ಪ್ರಾರ್ಥನೆಗೆ ಹೋದರೆ ಇವನು ಅಂಗಡಿಯ ಶಟರ್ ಅರ್ಧ ಎಳೆದು ನನಗೆ ಫೋನ್ ಮಾಡುತ್ತಿದ್ದ. ಹತ್ತು ವರ್ಷ ಹೀಗೇ ನಡೆಯಿತು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಅವನ ಫೋನ್ ಬರಲಿಲ್ಲ. ನಾನೇ ಮಾಡಿದೆ. "ಚರ್ಚಿನ ಕ್ಲಾಸಲ್ಲಿದ್ದೆ ಮಾರಾಯ. ಮುಂದಿನ ತಿಂಗಳು ದೀಕ್ಷಾಸ್ನಾನ ತಗೊಳ್ತಿದ್ದೇನೆ" ಎಂದ. ತಮಾಷೆ ಇರಬೇಕೆಂದು ನಕ್ಕೆ. ಅವನು ನಗಲಿಲ್ಲ. ಇಪ್ಪತ್ತೈದು ವರ್ಷ ಜೊತೆಯಲ್ಲಿ ನಡೆದವನು ಹೇಳದೆ ಕೇಳದೆ ಬೇರೆ ಬಸ್ ಹತ್ತಿಬಿಟ್ಟ ಹಾಗಾಯಿತು ನನಗೆ. ಆದರೂ ಅವನು ಕರೆದ ಭಾನುವಾರ ಮಧ್ಯಾಹ್ನ ಹೋದೆ. ಅವನಿಗೆ ನನ್ನಿಂದ ಒಂದು ಕೆಲಸ ಆಗಬೇಕಿತ್ತು.

ನೀರಿಗಿಳಿಯುವ ಮೊದಲು ಪ್ರತಿಯೊಬ್ಬರೂ ಎಲ್ಲರೆದುರು ತಮ್ಮ ಸಾಕ್ಷಿ ಹೇಳಬೇಕಂತೆ. ಸಾಕ್ಷಿ ಎಂದರೆ ತನಗೆ ಆದದ್ದನ್ನು ತನ್ನ ಬಾಯಲ್ಲಿ ಹೇಳುವುದು. ಚಂದ್ರನಿಗೆ ಜನರೆದುರು ಮಾತು ಬರುವುದಿಲ್ಲ. ಬರೆದಿದ್ದರೆ ಓದಬಲ್ಲ.

ಅಂಗಡಿಯಲ್ಲಿ ಬಿಚ್ಚಿಟ್ಟ ಪಂಪುಗಳ ನಡುವೆ ಸ್ಟೂಲ್ ಹಾಕಿ ನನ್ನನ್ನು ಕೂರಿಸಿದ. ಜಾನ್ಸಿ ಬೇಯಿಸಿದ ಮರಗೆಣಸು, ಚಟ್ನಿ ತಂದಿಟ್ಟಳು. "ಮೇಷ್ಟ್ರೇ, ಸ್ವಲ್ಪ ತಿದ್ದಿ ಬರೀರಿ. ಇವರು ಹೇಳೋದರಲ್ಲಿ ಅರ್ಧ ಬೈಗುಳವೇ ಇರ್ತದೆ" ಎಂದು ಒಳಗೆ ಹೋದಳು.

"ನೀರಲ್ಲಿ ಮುಳುಗಿದ್ರೆ ಪಾಪ ಹೋಗ್ತದೇನೋ?" ಎಂದು ಕೆಣಕಿದೆ.

"ಹಾಗಂತ ಯಾರು ಹೇಳಿದ್ರು? ನೀರೇನು ಸೋಪಲ್ಲ ಅಂತ ಪಾಸ್ಟರ್ ಮೊದಲ ಕ್ಲಾಸಲ್ಲೇ ಹೇಳಿದ್ರು. ಒಳಗೆ ಹೋಗೋದು ಹೂಣಿದ ಹಾಗೆ, ಮೇಲೆ ಬರೋದು ಎದ್ದ ಹಾಗೆ. ಮೊದಲು ಮನಸ್ಸಲ್ಲಿ ಆಗಿರಬೇಕು, ಆಮೇಲೆ ನೀರು. ಸುಟ್ಟ ಮೋಟಾರಿಗೆ ಪೇಂಟ್ ಹೊಡೆದು ಕೊಟ್ರೆ ಓಡ್ತದಾ? ಹಳೇ ತಂತಿ ಪೂರ್ತಿ ಕಿತ್ತು ಹಾಕ್ಬೇಕು." ತಾನೇ ನಕ್ಕ. "ನಮ್ಮಜ್ಜ ಗೇಣಿಗೆ ಮಾಡ್ತಿದ್ದ ಗದ್ದೆ ಡ್ಯಾಮ್ ಕಟ್ಟಿದಾಗ ಮುಳುಗ್ತು. ಈಗ ಮೊಮ್ಮಗನ ಸರದಿ."

ನಾನು ಪೆನ್ನು ಹಿಡಿದೆ. ಅವನು ಹೇಳತೊಡಗಿದ.

"ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ದಿನ. ನಾನೂ ನನ್ನ ಗೆಳೆಯನೂ ಭದ್ರಾ ಹಿನ್ನೀರಿಗೆ ಹೋದ್ವಿ. ಬೇಸಿಗೆ, ನೀರು ಇಳಿದು ಹಳೇ ರಸ್ತೆ ಕಾಣ್ತಿತ್ತು. ಆ ರಸ್ತೇಲೇ ನಡೀತಾ ನೀರಿಗೆ ಇಳಿದೆ. ಮೋರಿ ಇದ್ದ ಜಾಗದಲ್ಲಿ ಕಾಲು ಜಾರ್ತು. ಬಾಯಿಗೆ ಕೆಸರು ತುಂಬ್ತು. ಆಗ ಯಾರೋ ನನ್ನ ಎಡ ರಟ್ಟೆ ಹಿಡಿದ್ರು. ಕಿವಿ ಹತ್ರ ಹೇಳಿದ್ರು, ಏಳು ಮಾಣಿ, ಹೊತ್ತಾತು."

ನನ್ನ ಕೈ ನಿಂತಿತು.

ಓದುಗರು ಇಲ್ಲಿ ನನ್ನ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಬೇಕು. ಅದು ನನಗೆ ಆದದ್ದು. ಆ ರಸ್ತೆ, ಆ ಮೋರಿ, ಎಡ ರಟ್ಟೆ, ಆ ಮೂರು ಮಾತು. ಮೇಲೆ ಬಂದು ನೋಡಿದಾಗ ಹತ್ತಿರದಲ್ಲಿ ಯಾರೂ ಇರಲಿಲ್ಲ. ಚಂದ್ರ ದಡದಲ್ಲಿ ನನಗೆ ಬೆನ್ನು ಹಾಕಿ ಮಾವಿನಕಾಯಿ ತಿನ್ನುತ್ತಿದ್ದ. ಮನೆಯಲ್ಲಿ ಪೆಟ್ಟು ಬೀಳುತ್ತದೆಂದು ಹೇಳಲಿಲ್ಲ. ಮುಂದೆ ಓದು ಹೆಚ್ಚಾದ ಮೇಲೆ, ಉಸಿರು ಕಟ್ಟಿದಾಗ ಮಿದುಳು ಕಟ್ಟುವ ಭ್ರಮೆ ಎಂದು ನಾನೇ ತೀರ್ಮಾನಿಸಿಕೊಂಡೆ. ಆದರೂ ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಿಲ್ಲ. ನನ್ನ ಎಲ್ಲ ಅಪನಂಬಿಕೆಯ ಅಡಿಯಲ್ಲಿ ನಾನು ಒಬ್ಬನೇ ಇಟ್ಟುಕೊಂಡ ಒಂದೇ ಒಂದು ಸಂಗತಿ ಅದು.

"ಚಂದ್ರ, ಇದು ನನ್ನ ಕಥೆ" ಎಂದೆ. "ಯಾವತ್ತೋ ಕುಡಿದಾಗ ನಾನೇ ನಿಂಗೆ ಹೇಳಿರಬೇಕು. ನೀನು ನಿಂದು ಅಂತ ಮಾಡ್ಕೊಂಡಿದ್ದಿ."

"ಎಂತ ಮಾತಾಡ್ತಿ ಮಾರಾಯ? ನೀನು ದಡದಲ್ಲಿ ಕೂತಿದ್ದಿ. ಮಾವಿನಕಾಯಿಗೆ ಉಪ್ಪು ಖಾರ ಹಚ್ಕೊಂಡು ತಿಂತಾ. ನಿನ್ನ ಪ್ಯಾಂಟಿನ ತುದಿ ಸಹ ಒದ್ದೆ ಆಗಿರ್ಲಿಲ್ಲ."

"ಹಾಗಾದ್ರೆ ಒಂದು ಹೇಳು. ನಿಮ್ಮನೇಲಿ ಯಾರು ಮಾಣಿ ಅಂತಾರೆ?"

ಇದು ನನ್ನ ಗಟ್ಟಿ ಆಧಾರವಾಗಿತ್ತು. ಮಾಣಿ ಎನ್ನುವುದು ನಮ್ಮ ಮನೆಮಾತು. ಹುಡುಗನನ್ನು ಅಕ್ಕರೆಯಿಂದ ಕರೆಯುವ ಮಾತು. ನಮ್ಮಜ್ಜಿ ನನ್ನನ್ನು ದಿನವೂ ಎಬ್ಬಿಸುತ್ತಿದ್ದದ್ದು ಹಾಗೆಯೇ. ಚಂದ್ರನ ಮನೆಯಲ್ಲಿ ಆ ಮಾತೇ ಇಲ್ಲ.

ಚಂದ್ರ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟ. "ಯಾರೂ ಅನ್ನಲ್ಲ. ಅದಕ್ಕೇ ನಂಗೆ ಅದು ಮರೀಲಿಲ್ಲ. ಅಮ್ಮ ಬೆಳಕು ಹರಿಯೋಕೆ ಮೊದ್ಲೇ ಕೆಲಸಕ್ಕೆ ಹೋಗಿರ್ತಿದ್ಲು, ಎಬ್ಬಿಸೋರು ಇರ್ಲಿಲ್ಲ. ನಿಮ್ಮನೇಲಿ ನಿನ್ನನ್ನ ಮಾಣಿ ಅಂತಿದ್ರು, ನನ್ನನ್ನ ಲೋ ಅಂತಿದ್ರು. ನೀರೊಳಗೆ ಯಾರೋ ನನ್ನನ್ನ ಮಾಣಿ ಅಂದ್ರು. ಇಷ್ಟು ವರ್ಷ ನಿನ್ನ ಜೊತೆ ಸೇರಿ ನಗ್ತಿದ್ದೆನಲ್ಲ, ಅವತ್ತೆಲ್ಲ ಒಳಗೆ ಇದೊಂದು ಇತ್ತು. ಬರಿ."

ಬರೆದೆ. ನನ್ನದೇ ನೆನಪನ್ನು ಇನ್ನೊಬ್ಬನ ಹೆಸರಿಗೆ ನನ್ನ ಕೈಯಾರೆ ಬರೆದುಕೊಟ್ಟೆ. ಬಸ್ಸಿನಲ್ಲಿ ಕೊಪ್ಪಕ್ಕೆ ಬರುವಾಗ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ನನ್ನ ಮನೆಗೆ ಕನ್ನ ಹಾಕಿದ್ದರೂ ಅಷ್ಟು ಬರುತ್ತಿರಲಿಲ್ಲ.

ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ. ಅಡುಗೆಮನೆಯಲ್ಲಿ ಹೋಗಿ ಕೇಳಿದೆ, ಪರೀಕ್ಷೆ ಮುಗಿದ ದಿನ ನಾನು ಹೇಗೆ ಮನೆಗೆ ಬಂದೆ ಎಂದು.

"ಎಂತಕ್ಕೆ ಈಗ ಅದೆಲ್ಲ? ಬಟ್ಟೆ ಒಣಗೇ ಇತ್ತು ಮಾಣಿ, ತೊಳೆದವಳು ನಾನಲ್ದಾ. ಊಟ ಬೇಡ ಅಂತ ನೀನು ಮಲಗಿದೆ. ಬೆಳಗ್ಗೆ ವಾಂತಿ ಮಾಡ್ದೆ. ಬರೀ ಕೆಸರು. ಮಾವಿನಕಾಯಿಗೆ ಮಣ್ಣು ಹತ್ತಿತ್ತೇನೋ ಅಂದ್ಕಂಡೆ."

ಒಣಗಿದ ಬಟ್ಟೆ ಅವನ ಪಕ್ಷ, ಕೆಸರು ನನ್ನ ಪಕ್ಷ. ಅದಕ್ಕಿಂತ ಮುಂದೆ ಹೋಗಲು ನನಗೆ ದಾರಿ ಸಿಗಲಿಲ್ಲ.

ದೀಕ್ಷಾಸ್ನಾನದ ದಿನ ಬೆಳಗ್ಗೆ ಎಂಟಕ್ಕೆ ಹಿನ್ನೀರಿನ ದಡ ಸೇರಿದೆ. ಆ ಕಥೆ ನನ್ನದೆಂದು ಹೇಳಿಯೇ ಬಿಡಬೇಕೆಂದು ನಿರ್ಧರಿಸಿದ್ದೆ. ಎಲ್ಲರೂ ಸೇರಿ ಮೂವತ್ತು ಜನ ಇದ್ದರೇನೋ. ನೀರಿಗಿಳಿಯುವ ಮೂವರು ಬಿಳಿ ಬಟ್ಟೆ ಹಾಕಿದ್ದರು. ಚಂದ್ರ ನಾನು ಬರೆದ ಹಾಳೆಯನ್ನು ತಡವರಿಸದೆ ಓದಿದ. ಜಾನ್ಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪಾಸ್ಟರ್ ವಯಸ್ಸಾದವರು, ಮೆಲುಮಾತಿನವರು. ನನ್ನ ಬಳಿ ಬಂದರು. "ಕೇಳಿದ್ದು ಹೇಳಬಾರದು, ಆದದ್ದೇ ಹೇಳಬೇಕು ಅಂತ ನಮ್ಮಲ್ಲಿ ಕಟ್ಟುನಿಟ್ಟು. ನೀವು ಅವತ್ತು ಜೊತೇಲಿದ್ದವರಂತೆ. ಇದು ನಿಜ ತಾನೇ?"

ಅಲ್ಲ ಎಂದರೆ ಅವತ್ತು ಚಂದ್ರ ನೀರಿಗಿಳಿಯುವಂತಿರಲಿಲ್ಲ. ಹತ್ತು ವರ್ಷ ಕಾದ ಜಾನ್ಸಿ ಟವೆಲ್ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ನಿಜ" ಎಂದೆ. ಯಾರಿಗೆ ಆದದ್ದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಚಂದ್ರ ವಾಚು, ಫೋನ್ ಬಿಚ್ಚಿ ನನ್ನ ಕೈಗೆ ಕೊಡಲು ಬಂದ. ಕೊಟ್ಟವನು ಹೋಗದೆ ನಿಂತ.

"ಯಾರ ಮೇಲಾದ್ರೂ ಕಹಿ ಇದ್ರೆ ದಡದಲ್ಲೇ ಬಿಟ್ಟು ಇಳೀಬೇಕು ಅಂದಿದ್ದಾರೆ. ನಿನ್ನ ಮೇಲೆ ಒಂದಿತ್ತು. ಬಿಟ್ಟೆ."

"ನನ್ನ ಮೇಲೆ? ಎಂತದ್ದು?"

"ನಾನು ಮುಳುಗೋ ಮೊದ್ಲು ನಿನ್ನ ಹೆಸರು ಹಿಡಿದು ಕೂಗಿದ್ದೆ. ನೀನು ತಿರುಗಿ ನನ್ನನ್ನ ನೋಡಿದಿ, ಆದ್ರೂ ಎದ್ದು ಬರ್ಲಿಲ್ಲ."

ಉತ್ತರಕ್ಕೆ ಕಾಯದೆ ನೀರಿಗೆ ನಡೆದ. ಸೊಂಟದ ಆಳದಲ್ಲಿ ಪಾಸ್ಟರ್ ಅವನ ಕೈಗಳನ್ನು ಎದೆಯ ಮೇಲೆ ಇಡಿಸಿದರು, ಬೆನ್ನಿಗೆ ತಮ್ಮ ಕೈ ಕೊಟ್ಟರು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಹೇಳುವುದು ಕೇಳಿಸಿತು. ಅವನ ಮುಖ ನೀರಿನಡಿ ಹೋಯಿತು.

ಆ ಗಳಿಗೆಯಲ್ಲಿ ನಾನು ನಿಂತಿದ್ದೆ ಎಂದೇ ನನ್ನ ತಿಳುವಳಿಕೆ. ಎಲ್ಲರೂ ಹಾಡತೊಡಗಿದಾಗ ನೋಡಿಕೊಂಡರೆ ನೆಲದ ಮೇಲೆ ಕೂತಿದ್ದೆ. ಯಾವಾಗ ಕೂತೆನೋ ಗೊತ್ತಿಲ್ಲ. ಏಳಬೇಕೆಂದುಕೊಂಡೆ, ಕಾಲು ಮಾತು ಕೇಳಲಿಲ್ಲ. ಬಾಯಲ್ಲಿ ಉಪ್ಪು ಖಾರದ ರುಚಿ ಇತ್ತು. ಬೆಳಗ್ಗೆಯಿಂದ ನಾನು ಕಾಫಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಕೊನೆಗೆ ಇಬ್ಬರು ರಟ್ಟೆ ಹಿಡಿದು ನಿಲ್ಲಿಸಿದರು.

ಅವತ್ತಿನಿಂದ ಆ ನೆನಪು ನನ್ನ ಬಳಿ ಮೊದಲಿನ ಹಾಗೆ ಇಲ್ಲ. ಎಷ್ಟು ಪ್ರಯತ್ನಿಸಿದರೂ ನೀರಿನೊಳಗಿನಿಂದ ಕಾಣುವುದಿಲ್ಲ. ದಡದಿಂದ ಕಾಣುತ್ತದೆ. ದೂರದಲ್ಲಿ ಹುಡುಗನೊಬ್ಬನ ತಲೆ ಒಮ್ಮೆ ಮೇಲೆ ಬಂದು ಒಳಗೆ ಹೋಗುತ್ತದೆ. ಬಾಯಿ ತೆರೆದಿದೆ, ಕೂಗು ಕೇಳಿಸುವುದಿಲ್ಲ. ಬಲವಾಗಿ ಹೇಳಿದ ಮಾತು ನೆನಪನ್ನು ಬದಲಿಸಬಲ್ಲದು, ಇದನ್ನೂ ನಾನು ಪಾಠ ಮಾಡುತ್ತೇನೆ. ನಮ್ಮಜ್ಜಿಯ ಮಾತನ್ನು ಚಂದ್ರ ನಮ್ಮ ಜಗಲಿಯಲ್ಲೇ ಕೇಳಿರಬಹುದು. ಎಲ್ಲದಕ್ಕೂ ಒಂದೊಂದು ವಿವರಣೆ ಕೊಡಬಲ್ಲೆ. ಅಮ್ಮ ಕಂಡ ಕೆಸರಿಗೆ ಮಾತ್ರ ಕೊಡಲಾರೆ.

ಚಂದ್ರ ಈಗಲೂ ಫೋನ್ ಮಾಡುತ್ತಾನೆ, ಭಾನುವಾರ ಬಿಟ್ಟು ಬೇರೆ ದಿನ. ಆ ವಿಷಯವನ್ನು ಅವನು ಮತ್ತೆ ಎತ್ತಿಲ್ಲ. ಅವನ ಮಟ್ಟಿಗೆ ಅದು ಮುಗಿದಿದೆ. ಅವನು ನನ್ನದನ್ನು ಕದ್ದಿದ್ದರೆ ನಾನು ಅವನನ್ನು ಕ್ಷಮಿಸಬೇಕು. ನಾನು ಎದ್ದು ಹೋಗದೆ ಕೂತಿದ್ದು ನಿಜವಾದರೆ ಅವನ ಕಾಲು ಹಿಡಿಯಬೇಕು. ಮೂರು ವರ್ಷದಿಂದ ಪ್ರತಿ ಸಲ ಅವನ ಫೋನ್ ಎತ್ತಿದಾಗಲೂ ಈ ಎರಡರಲ್ಲಿ ಯಾವುದನ್ನು ಹೇಳಬೇಕೆಂದು ತಿಳಿಯದೆ, ಕರೆಂಟು ಇದೆಯಾ, ಕೆಲಸ ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತೇನೆ.