ಟ್ರಾಲಿಗೆ ಕಟ್ಟಿದ ಕೆಂಪು ಟವೆಲ್

ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷ. ಹುಣಸೂರಿನ ಆ ಸಣ್ಣ ನರ್ಸಿಂಗ್ ಹೋಮಿನ ಗೋಡೆ ಗಡಿಯಾರ ಈಗಲೂ ನನ್ನ ಕಣ್ಣ ಮುಂದಿದೆ. ವಾಂತಿಯಿಂದ ಸೋತು, ಎರಡು ದಿನದಿಂದ ಅನ್ನ ಮುಟ್ಟದ ಅವ್ವ ಮಲಗಿದ್ದಳು. ಇಡೀ ವಾರ್ಡಿಗೆ ಒಬ್ಬಳೇ ನರ್ಸ್, ಚಿಕ್ಕ ವಯಸ್ಸಿನವಳು. ಟ್ರಾಲಿಯ ಬಳಿ ಆಕೆ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಾಗ ನಾಲ್ಕು ಜನ "ಸಿಸ್ಟರ್, ಸಿಸ್ಟರ್" ಎಂದು ಕೂಗುತ್ತಿದ್ದರು. ಐದನೆಯವಳು ನಾನು. "ಡ್ರಿಪ್ ಎಷ್ಟೊತ್ತಿಗೆ ಮುಗಿಯುತ್ತೆ?" ಎಂದು ಕೇಳಿದೆ. ಅದಕ್ಕೆ ಅವಸರವೇನೂ ಇರಲಿಲ್ಲ.

ನನಗೆ ಉತ್ತರ ಹೇಳುತ್ತಲೇ ಆಕೆ ಅವ್ವನ ತೋಳು ಹಿಡಿದಳು. ಸೂಜಿ ಚರ್ಮದ ಹತ್ತಿರ ಬಂದು ನಿಂತಿತು. ಮಂಚಕ್ಕೆ ಸಿಕ್ಕಿಸಿದ್ದ ಚೀಟಿ ಓದಿದಳು. ಸೂಜಿ ಹಿಂದಕ್ಕೆ ತೆಗೆದಳು.

"ಇದು ನಿಮ್ಮದಲ್ಲ ಅಮ್ಮ. ಪಕ್ಕದವರ ಇನ್ಸುಲಿನ್. ಕೊಟ್ಟೇಬಿಡ್ತಿದ್ದೆ."

ಖಾಲಿ ಹೊಟ್ಟೆಗೆ ಅದು ಹೋಗಿದ್ದರೆ ಜೀವಕ್ಕೇ ಅಪಾಯವಿತ್ತೆಂದು ಆಮೇಲೆ ಡಾಕ್ಟರ್ ಹೇಳಿದರು. ಸಿರಿಂಜಿನಲ್ಲಿ ಏನಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆಕೆ ಸುಮ್ಮನೆ ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ತಾನೇ ಹೆಡ್ ನರ್ಸನ್ನು ಕರೆತಂದು ಎಲ್ಲರೆದುರೂ ಹೇಳಿದಳು. ನಾನು ಬೆರಗಾಗಿ ನೋಡುತ್ತಿದ್ದೆ.

"ವಾರದಿಂದ ನಿದ್ದೆಯಿಲ್ಲ ಮೇಡಂ. ಮಲಗಿದ್ರೂ ಸಿಸ್ಟರ್ ಅಂತ ಕೂಗ್ದಂಗೇ ಆಯ್ತದೆ" ಎಂದು ಅತ್ತಳು.

ಅವ್ವ ಬೈಯಲಿಲ್ಲ. ನಮ್ಮೂರು ಹನಗೋಡಿನಲ್ಲಿ ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಹದ ಮಾಡುವ ಬ್ಯಾರನ್ ಮನೆಯ ಥರ್ಮಾಮೀಟರ್ ನೋಡುವವಳು ಅವಳೇ.

"ನಾನು ಬಿಸಿ ನೋಡೋವಾಗ ಬಾಗ್ಲಿಗೆ ಟವೆಲ್ ಕಟ್ತೀನಿ ಕಣವ್ವ. ಅದಿರೋಗಂಟ ಇವ್ಳಪ್ಪನೂ ಮಾತಾಡ್ಸಂಗಿಲ್ಲ. ಸೊಪ್ಗೇ ಅಷ್ಟು ಮರ್ವಾದೆ, ಜನುಕ್ಕೆ ಬ್ಯಾಡ್ವಾ?"

ಹೆಡ್ ನರ್ಸ್ ನಕ್ಕರು. ಆದರೆ ದಿಂಬಿನ ಪಕ್ಕದಲ್ಲಿದ್ದ ಅವ್ವನ ಕೆಂಪು ಟವೆಲ್ ಇಸಿದುಕೊಂಡು ಟ್ರಾಲಿಗೆ ಕಟ್ಟಿದರು. ಅದು ಇರುವವರೆಗೆ ಔಷಧಿ ಕೊಡುವವಳನ್ನು ಯಾರೂ ಕರೆಯಕೂಡದು, ಏನಿದ್ದರೂ ತಮ್ಮನ್ನೇ ಕೇಳಬೇಕು ಎಂದರು. ಕಾವಲು ಅವ್ವನದು.

"ಟವೆಲ್ ಕಾಣಾಕಿಲ್ವೇನ್ಲಾ? ಬಾಳೆಹಣ್ಣು ತಿನ್ಕೊಂಡು ಸುಮ್ಕೆ ಕೂತ್ಕೊ!" ಎಂದು, ಸಿಸ್ಟರನ್ನು ಕರೆಯಹೊರಟ ಎದುರು ಹಾಸಿಗೆಯವನನ್ನು ಗದರಿದಳು.

ಮನೆಗೆ ಬಂದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಅದೇ ಸೂಜಿ, ನನ್ನದೇ ಪ್ರಶ್ನೆ.

ಹದಿನೈದು ದಿನದ ಮೇಲೆ ಅವ್ವನನ್ನು ಮತ್ತೆ ತೋರಿಸಲು ಹೋದೆವು. ಒಗೆದೊಗೆದು ಬಣ್ಣ ಬಿಟ್ಟಿದ್ದ ಟವೆಲ್ ಟ್ರಾಲಿಯಲ್ಲೇ ಇತ್ತು. ಅದೇ ನರ್ಸ್ ಔಷಧಿ ಎಳೆಯುತ್ತಿದ್ದಳು. ತುಂಬಿದ ವಾರ್ಡಿನಲ್ಲಿ ಒಬ್ಬರೂ ಕೂಗಲಿಲ್ಲ. ನನ್ನಲ್ಲೂ ಒಂದು ಪ್ರಶ್ನೆಯಿತ್ತು. ಕಾದು ನಿಂತೆ. ಆಕೆ ಟವೆಲ್ ಬಿಚ್ಚಿ ಮಡಚಿಟ್ಟು ಅವ್ವನ ಕಡೆ ತಿರುಗಿದಳು.

"ಈಗ ನಿದ್ದೆ ಬತ್ತದೆ ಅಮ್ಮ."

ನಾನು ಕೇಳಬೇಕೆಂದಿದ್ದೂ ಅದನ್ನೇ. ಅಂದು ನಾನೂ ಬೆಳಗಾಗುವವರೆಗೆ ಎಚ್ಚರವಾಗದೆ ಮಲಗಿದೆ.